ಮಾರಿದ ಕಾರಿಗೆ ಆಯುಧಪೂಜೆ

“ಈಗ ನನ್ನ ಹತ್ತಿರ ಇಲ್ಲದ ಕಾರಿಗೂ ಇದನ್ನು ಮಾಡಬಹುದಾ?” ಎಂದು ಪಕ್ಕದ ಮನೆಯ ಅಮೆರಿಕನ್ ಅಜ್ಜ ಕೇಳಿದರು. ಅವತ್ತು ಆಯುಧಪೂಜೆ. ಅಮೆರಿಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ನಮ್ಮ ಮನೆ ಮುಂದೆ, ಮೈಸೂರಿನಿಂದ ಬಂದಿದ್ದ ಅತ್ತೆ ನಮ್ಮ ಕಾರಿಗೆ ಕುಂಕುಮ ಹಚ್ಚಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಡುತ್ತಿದ್ದರು. ನೋಡಿದವರು ಏನಂದುಕೊಳ್ಳುತ್ತಾರೋ ಎಂದು ನಾನು ಮುಜುಗರದಲ್ಲಿದ್ದೆ.

ಅಜ್ಜನ ಬಳಿ ಮೊದಲು, ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗುವಷ್ಟು ದೊಡ್ಡ ಕನ್ವರ್ಟಿಬಲ್ ಕಾರು ಇತ್ತಂತೆ. ಟಾಪ್ ಮಡಚಿಟ್ಟು, ಹೆಂಡತಿಯನ್ನು ಕೂರಿಸಿಕೊಂಡು ಹೂಸ್ಟನ್‌ವರೆಗೂ ಬಿಸಿಲಲ್ಲೇ ಹೋಗುತ್ತಿದ್ದರಂತೆ. ಆಕೆ ತೀರಿಕೊಂಡ ಮೇಲೆ ಅಷ್ಟು ದೊಡ್ಡ ಗಾಡಿ ನಿಭಾಯಿಸಲಾಗದೆ ಅದನ್ನು ಮಾರಿ, ಪುಟ್ಟ ಕಾರು ಕೊಂಡಿದ್ದರು.

ಅತ್ತೆಗೆ ಇದನ್ನೆಲ್ಲ ಕನ್ನಡದಲ್ಲಿ ಹೇಳಿದೆ. ಅವರು ಯೋಚಿಸಲೂ ಇಲ್ಲ. “ಆ ಗಾಡಿ ಎಲ್ಲಿ ನಿಲ್ತಿತ್ತು ಕೇಳಮ್ಮ” ಎಂದರು.

ಅಜ್ಜ ತಮ್ಮ ಪುಟ್ಟ ಕಾರನ್ನು ರಸ್ತೆಗೆ ತೆಗೆದು ನಿಲ್ಲಿಸಿ, ಮನೆ ಮುಂದೆ ಕಾರು ನಿಲ್ಲಿಸುವ ಡ್ರೈವ್‌ವೇಯಲ್ಲಿ ಹಳೇ ಕಾರಿನ ಆಯಿಲ್ ಸೋರಿ ಕಪ್ಪಾಗಿದ್ದ ಜಾಗ ತೋರಿಸಿದರು. ಅತ್ತೆ ಆ ಕಲೆಯ ಎರಡೂ ಬದಿಗೆ ಒಂದೊಂದು ನಿಂಬೆಹಣ್ಣು ಇಟ್ಟು, ನೆಲಕ್ಕೆ ಕುಂಕುಮ ಹಾಕಿ, ಊದುಬತ್ತಿ ಬೆಳಗಿದರು. ಅಜ್ಜ, “ಇಲ್ಲ, ನನ್ನ ಕಾರು ಇನ್ನೂ ಅಗಲ ಇತ್ತು” ಎಂದರು. ಮಂಡಿ ಹಿಡಿದುಕೊಂಡು ಬಗ್ಗಿ, ಎರಡೂ ಹಣ್ಣುಗಳನ್ನು ಇನ್ನಷ್ಟು ದೂರ ದೂರ ಸರಿಸಿದರು.

ಆ ನಿಂಬೆಹಣ್ಣುಗಳು ಈಗ ಅಲ್ಲೇ ಒಣಗಿ ಕಪ್ಪಾಗಿವೆ. ಪುಟ್ಟ ಕಾರು ಇವತ್ತಿಗೂ ರಸ್ತೆಯಲ್ಲೇ ನಿಲ್ಲುತ್ತದೆ.