ಎಲೆಗೆ ಅಡ್ಡ ಹಿಡಿದ ಕೈ

ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಕಾಲೇಜಿಗೆ ಮೊದಲ ಕಂಪ್ಯೂಟರ್ ಬಂತು. ಭೌತಶಾಸ್ತ್ರದ ಲ್ಯಾಬಿನ ಪಕ್ಕದ ಕೋಣೆಯಲ್ಲಿಟ್ಟು, ಬಟ್ಟೆ ಹೊದಿಸಿ, ಬೀಗ ಹಾಕಿದರು. ನಾನು ಸಾಗರದವಳು, ತೀರ್ಥಹಳ್ಳಿಯ ಆ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಬಿ.ಎ. ಓದುವವರಿಗೂ ಪ್ರೋಗ್ರಾಂ ಬರೆಯಲು ಕಲಿಸುತ್ತೇನೆ, ಶನಿವಾರ ಮಧ್ಯಾಹ್ನ ಕೋಣೆ ಕೊಡಿ ಎಂದು ಪ್ರಿನ್ಸಿಪಾಲರನ್ನು ಕೇಳಿದೆ. ಇತಿಹಾಸದವರಿಗೆ ಅದೆಲ್ಲ ಯಾಕೆ, ಬೇಡ ಎಂದರು. ಹದಿನೈದು ದಿನ ಬಿಟ್ಟು ಮತ್ತೆ ಕೇಳಿದೆ. ಬೇಡ. ಮೂರನೆಯ ಸಲವೂ ಬೇಡ. ನನಗೆ ಹಟ ಬಂತು. ನಾಲ್ಕನೆಯ ಸಲ ಹೋದಾಗ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಷರತ್ತು ಹಾಕಿದರು: ತಿಂಗಳೊಳಗೆ ಒಬ್ಬರಾದರೂ ತಾವೇ ಬರೆದ ಪ್ರೋಗ್ರಾಂ ಅನ್ನು ಅವರೆದುರು ನಡೆಸಿ ತೋರಿಸಬೇಕು, ನಾನು ಕೈ ಹಾಕಕೂಡದು. ಇಲ್ಲದಿದ್ದರೆ ತರಗತಿ ಬಂದ್.

ಏಳು ಮಂದಿ ಸೇರಿದರು. ಕರೆಂಟು ಇದ್ದರೆ ಯಂತ್ರ, ಇಲ್ಲದಿದ್ದರೆ ಕಪ್ಪು ಹಲಗೆ. ಒಬ್ಬರನ್ನು ಕಂಪ್ಯೂಟರ್ ಎಂದು ನಿಲ್ಲಿಸುತ್ತಿದ್ದೆ, ಚೀಟಿಯಲ್ಲಿ ಬರೆದಷ್ಟೇ ಅವರು ಮಾಡಬೇಕು. ಬಾಗಿಲು ತೆಗೆ ಎಂದು ಬರೆಯದೆ ಹೊರಗೆ ಹೋಗು ಎಂದವರ ಕಂಪ್ಯೂಟರ್ ಬಾಗಿಲಿಗೆ ಹಣೆ ತಾಗಿಸಿಕೊಂಡು ನಿಲ್ಲುತ್ತಿತ್ತು. ಪ್ರೋಗ್ರಾಮಿನ ಪ್ರತಿ ಸಾಲಿಗೂ ಹತ್ತು, ಇಪ್ಪತ್ತು, ಮೂವತ್ತು ಎಂದು ನಡುವಿನ ಅಂಕೆಗಳನ್ನು ಖಾಲಿ ಬಿಟ್ಟು ಅಂಕೆ ಹಾಕಿಸುತ್ತಿದ್ದೆ. ನೀವು ಏನಾದರೂ ಮರೆತೇ ಮರೆಯುತ್ತೀರಿ, ಅದಕ್ಕೆ ಈಗಲೇ ಜಾಗ ಬಿಡಿ ಎನ್ನುತ್ತಿದ್ದೆ.

ಬೇಗ ಕಲಿತವಳು ಕವಲೇದುರ್ಗದ ಕೆಳಗಿನ ಊರಿನ, ಇತಿಹಾಸ ಓದುವ ಹುಡುಗಿ. ಊಟದ ಪಂಕ್ತಿಯಲ್ಲಿ ಬಡಿಸುವುದನ್ನೇ ಅವಳು ಪ್ರೋಗ್ರಾಂ ಮಾಡಿದಳು. ಪಾಯಸ ಬಡಿಸಲಾ ಎಂದು ಯಂತ್ರ ಕೇಳುತ್ತದೆ. ಬೇಕು ಎಂದರೆ ಬಡಿಸಿ ಮುಗಿಸುತ್ತದೆ, ಬೇಡ ಎಂದರೆ ಮತ್ತೆ ಕೇಳುತ್ತದೆ. ನಾನು ಓದಿ ಸರಿಯಿದೆ ಎಂದೆ. ನಾನೂ ಇದೇ ಸೀಮೆಯವಳು, ಒಂದು ಬೇಡಕ್ಕೆ ಬಡಿಸುವುದನ್ನು ನಿಲ್ಲಿಸುವ ಮನೆಯನ್ನು ಕಂಡವಳಲ್ಲ. ನಡೆಸಿ ನೋಡುವಾಗಲೂ ನಾವೆಲ್ಲ ಬೇಕು ಎಂದೇ ಟೈಪ್ ಮಾಡಿದ್ದೆವು.

ಪ್ರಿನ್ಸಿಪಾಲರಿಗೆ ಸಕ್ಕರೆ ಕಾಯಿಲೆ ಇರುವುದು ನಮಗೆ ನೆನಪಾಗಲಿಲ್ಲ. ಪ್ರೋಗ್ರಾಂ ತೋರಿಸುವ ದಿನ ಅವರು ಕುರ್ಚಿ ಎಳೆದು ಕೂತು, ಒಂದೊಂದೇ ಅಕ್ಷರ ಹುಡುಕಿ, ಇಂಗ್ಲಿಷ್ ಅಕ್ಷರಗಳಲ್ಲಿ ಬೇಡ ಎಂದು ಒತ್ತಿದರು. ಪಾಯಸ ಬಡಿಸಲಾ? ಬೇಡ. ಪಾಯಸ ಬಡಿಸಲಾ? ಆರನೆಯ ಸಲಕ್ಕೆ ಅವರು ನನ್ನ ಮುಖ ನೋಡಿದರು. ಯಂತ್ರ ಕೆಟ್ಟಿತೆಂದು, ಅವರ ಜೊತೆ ಬಂದಿದ್ದ ಭೌತಶಾಸ್ತ್ರದ ಮೇಷ್ಟ್ರು ಸ್ವಿಚ್ಚಿನ ಕಡೆ ಹೊರಟರು. ತಪ್ಪು ಎಲ್ಲಿದೆ ಎಂದು ನನಗೆ ಗೊತ್ತಾಗಿತ್ತು, ಹೇಳುವಂತಿರಲಿಲ್ಲ. ಸೆರಗಿನೊಳಗೆ ಎರಡೂ ಕೈ ಕಟ್ಟಿಕೊಂಡು ನಿಂತೆ.

"ಆರಿಸ್ಬೇಡಿ ಸರ್" ಎಂದಳು ಹುಡುಗಿ. "ಅದು ಕೆಟ್ಟಿಲ್ಲ, ನಾ ಹೇಳಿದ್ದನ್ನೇ ಮಾಡ್ತಿದೆ. ನಮ್ಮ ಕಡೆ ಎಲೆಗೆ ಕೈ ಅಡ್ಡ ಹಿಡಿಯೋ ತನಕ ಬೇಡ ಅಂದ್ರೆ ಬೇಡ ಅಲ್ವಲ್ಲ. ಆ ಕೈನ ಬರಿಯೋದು ಮರ್ತೆ."

ಪ್ರೋಗ್ರಾಂ ನಿಲ್ಲಿಸಿದಳು. ಇಪ್ಪತ್ತಕ್ಕೂ ಮೂವತ್ತಕ್ಕೂ ನಡುವೆ ಬಿಟ್ಟಿದ್ದ ಜಾಗದಲ್ಲಿ ಎರಡು ಸಾಲು ತೂರಿಸಿದಳು: ಬೇಡ ಎಂದದ್ದನ್ನು ಎಣಿಸು, ಮೂರಾದರೆ ನಿಲ್ಲಿಸು. ಒಂದು ಸಲವೂ ನನ್ನ ಕಡೆ ತಿರುಗಲಿಲ್ಲ. ಪ್ರಿನ್ಸಿಪಾಲರು ಮತ್ತೆ ಮೂರು ಸಲ ಬೇಡ ಎಂದರು. ಯಂತ್ರ ಸುಮ್ಮನಾಯಿತು. ನನಗೆ ಕಣ್ಣು ತುಂಬಿತು, ನಾಚಿಕೆಯೇನೂ ಆಗಲಿಲ್ಲ.

ಅವರು ಎದ್ದು ಬಾಗಿಲ ತನಕ ಹೋದವರು, ಅಂದು ಬೆಳಗ್ಗೆ ನನ್ನಿಂದ ವಾಪಸು ಪಡೆದಿದ್ದ ಬೀಗದ ಕೈಯನ್ನು ಜೇಬಿನಿಂದ ತೆಗೆದು ನನಗೆ ಕೊಟ್ಟರು.

"ಮುಂದಿನ ಶನಿವಾರಕ್ಕೂ ನಿಮ್ಮ ಹತ್ರಾನೇ ಇರ್ಲಿ. ನೀವು ಕೋಣೆ ಕೇಳ್ದಾಗ ನಾನು ಮೂರು ಸಲ ಬೇಡ ಅಂದಿದ್ದೆ, ನೆನಪಿದೆಯಾ ಮೇಡಂ? ಆ ಎರಡು ಸಾಲು ನಿಮಗೆ ಯಾರೂ ಬರೆದಿಲ್ಲ."