ತಿರುಗುವ ತಟ್ಟೆಗೆ ನಾನು ಕಟ್ಟಿದ ಬೆಲೆ

ಕಾರು ನಿಂತಲ್ಲೇ ತಿರುಗುವುದನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಜಯನಗರದಲ್ಲಿ, ನನ್ನ ತಮ್ಮನ ಮನೆಯ ಮೋಟಾರ್ ಶೆಡ್ಡಿನಲ್ಲಿ. ಒಳಗೆ ಡ್ರೈವರ್ ಇಲ್ಲ, ಇಂಜಿನ್ ಸದ್ದಿಲ್ಲ. ತಮ್ಮ ಬಂಪರಿಗೆ ಒಂದು ಕೈ ಕೊಟ್ಟು ತಳ್ಳುತ್ತಿದ್ದ. ಗೋಡೆಗೆ ಮುಖ ಮಾಡಿ ನಿಂತಿದ್ದ ಕಾರು ಮೆಲ್ಲಗೆ ತಿರುಗಿ ಬೀದಿಗೆ ಮುಖ ಮಾಡುತ್ತಿತ್ತು.

ನೋಡಿದವರೆಲ್ಲ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದರು. ನಾನು ಬೀಡಿ ಹಚ್ಚುವ ನೆಪ ಮಾಡಿ ಹೊರಗೆ ಬರುತ್ತಿದ್ದೆ.

ಈಗ ಹೋದರೆ ನಿಮಗದು ಕಾಣುವುದಿಲ್ಲ. ಯಾಕೆ ಅನ್ನುವುದೇ ಈ ವಾರದ ಮಾತು. ಮದರಾಸು ತಾರಸಿಯ ಬಿರುಕಿಗೆ ಏನು ಮಾಡಬೇಕು ಎಂದು ಕಾಗದ ಬರೆದ ಬಸವನಗುಡಿಯ ಓದುಗರು ಒಂದು ವಾರ ತಡೆದುಕೊಳ್ಳಬೇಕು. ಪ್ರತಿ ವಾರ ಇಲ್ಲಿ ಬೇರೆಯವರ ಮನೆಯ ಬಿರುಕಿನ ಬಗ್ಗೆಯೇ ಬರೆಯುತ್ತೇನೆ. (ಐದನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟ ಮೇಸ್ತ್ರಿ ನಾನು. ನನ್ನ ಒತ್ತಕ್ಷರಗಳನ್ನು ಸಂಪಾದಕರು ತಿದ್ದುತ್ತಾರೆ. ಈ ಸಲದ ತಪ್ಪು ಅವರ ಪೆನ್ಸಿಲ್ಲಿಗೆ ಸಿಗುವಂಥದ್ದಲ್ಲ.)

ನಾವು ಕೋಣನಕುಂಟೆಯವರು. ಅಪ್ಪ ತೀರಿಕೊಂಡಾಗ ನನಗೆ ಹನ್ನೊಂದು ವರ್ಷ, ತಮ್ಮ ಪುಟ್ಟಸ್ವಾಮಿಗೆ ಮೂರು. ನಾನು ಶಾಲೆ ಬಿಟ್ಟು ಗಾರೆ ಬಾಂಡಲಿ ಹೊತ್ತೆ. ಅವನು ಓದಿದ, ಫಿಟ್ಟರ್ ಕೆಲಸ ಕಲಿತ, ಕಾರ್ಖಾನೆ ಸೇರಿದ. ಈ ಕಥೆಯನ್ನು ಅವನೂ ಊರಿಗೆಲ್ಲ ಹೇಳುತ್ತಾನೆ, ನಾನೂ ಹೇಳುತ್ತೇನೆ. ಅವನು ಹೇಳಿದರೆ ಅಣ್ಣನ ಋಣ ನೆನೆದ ಹಾಗಿರುತ್ತದೆ. ನಾನು ಹೇಳಿದರೆ? ನನ್ನ ಹೆಂಡತಿಯೇ ಎದ್ದು ಒಳಗೆ ಹೋಗುತ್ತಾಳೆ.

ಅವನಿಗೆ ಜಯನಗರದಲ್ಲಿ ಸೈಟು ಸಿಕ್ಕಿದಾಗ ಪಾಯದಿಂದ ಪ್ಯಾರಪೆಟ್‌ವರೆಗೆ ಮನೆ ಕಟ್ಟಿಕೊಟ್ಟವನು ನಾನು. ಪಕ್ಕದಲ್ಲೊಂದು ಮೋಟಾರ್ ಶೆಡ್ಡು ಬೇಕು ಎಂದ. ನಕ್ಕೆ. ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವವನಿಗೆ ಮೋಟಾರ್ ಶೆಡ್ಡು ಯಾಕೆ? ಮುಂದಿನ ಕ್ರಾಸಿನ ಡಾಕ್ಟರಿಗೆ ಕಾರಿತ್ತು, ನಿಲ್ಲಿಸಲು ಜಾಗವಿರಲಿಲ್ಲ. ಅವರಿಗೆ ಬಾಡಿಗೆಗೆ ಕೊಡುವ ಯೋಚನೆ ಇವನದು.

ಆದರೆ ಗೇಟು ಕಿರಿದು. ಡಾಕ್ಟರು ರಿವರ್ಸ್ ತೆಗೆಯುವಾಗ ಎರಡು ಸಲ ಗೇಟಿನ ಕಂಬಕ್ಕೆ ಗುದ್ದಿದರು. (ಎರಡು ಸಲವೂ ಕಂಬ ಕಟ್ಟಿದವನು ನಾನೇ.) ರಸ್ತೆಯ ತುಂಬ ಗೋಲಿ ಆಡುವ ಮಕ್ಕಳು ಬೇರೆ. ಇದನ್ನೆಲ್ಲ ನೋಡಿದ ಪುಟ್ಟಸ್ವಾಮಿ ಗುಜರಿಯಿಂದ ದಪ್ಪ ಕಬ್ಬಿಣದ ತಗಡು, ಹಳೆಯ ಬೇರಿಂಗು, ಕಂಬಿ ತಂದ. ಕಂಬಿಯನ್ನು ಬಳೆಯ ಹಾಗೆ ಬಗ್ಗಿಸಿದ. ಅದರ ಮೇಲೆ ಓಡಾಡುವ ಗಾಲಿಗಳು, ಗಾಲಿಗಳ ಮೇಲೆ ದುಂಡನೆಯ ದೊಡ್ಡ ತಟ್ಟೆ. ಕಾರು ತಟ್ಟೆಯ ಮೇಲೆ ಹತ್ತಿ ನಿಂತರೆ ಆಯಿತು, ಮಗು ತಳ್ಳಿದರೂ ತಿರುಗಬೇಕು.

ಆ ಬಳೆ ಕೂರಲು ಒಂದೂವರೆ ಅಡಿ ಆಳದ ಜೆಲ್ಲಿ ಕಾಂಕ್ರೀಟ್ ಬೆಡ್ ಹಾಕಿದವನು ನಾನು. "ಅಣ್ಣ, ಒಂದು ನೂಲೂ ಏರುಪೇರು ಇರ್ಬಾರ್ದು" ಅಂದಿದ್ದ ತಮ್ಮ. ಒಂದು ನೂಲು ಅಂದರೆ ಅಂಗುಲದಲ್ಲಿ ಎಂಟನೇ ಒಂದು ಪಾಲು. ಮೂರು ದಿನ ರಸಮಟ್ಟ ಹಿಡಿದುಕೊಂಡು ನೆಲಕ್ಕೆ ಕೆನ್ನೆ ಇಟ್ಟು ನೋಡಿ ನೋಡಿ ಮಾಡಿದೆ. ಅರ್ಧ ನೂಲೂ ತಪ್ಪಲಿಲ್ಲ.

ಅದನ್ನು ಯಾರು ನೋಡಿದರು ಹೇಳಿ? ನೆಲದೊಳಗಿನ ಕಾಂಕ್ರೀಟು ಯಾರಿಗೆ ಕಾಣುತ್ತದೆ?

ಕಂಡಿದ್ದು ತಟ್ಟೆ. ಭಾನುವಾರ ಬಂದರೆ ಬೀದಿಯ ಮಕ್ಕಳೆಲ್ಲ ಅದರ ಮೇಲೆ. ಡಾಕ್ಟರು ತಮ್ಮ ನೆಂಟರನ್ನು ಕರೆತಂದು ತೋರಿಸುತ್ತಿದ್ದರು. ಪುಟ್ಟಸ್ವಾಮಿ ತಲೆಯೇ ತಲೆ ಅನ್ನುತ್ತಿದ್ದರು. ಸಾಲದ್ದಕ್ಕೆ ಶೆಡ್ಡಿನ ಬಾಗಿಲಿಗೂ ಮೇಲೆ ಗಾಲಿ ಕಟ್ಟಿದ್ದ. ಬೆರಳಲ್ಲಿ ಮುಟ್ಟಿದರೆ ಪಕ್ಕಕ್ಕೆ ಸರಿಯುತ್ತಿತ್ತು. ಹೆಂಚುಗಳ ನಡುವೆ ನಾಲ್ಕು ಗಾಜಿನ ಹೆಂಚು ಇಟ್ಟಿದ್ದ. ಬೆಳಗಿನ ಹೊತ್ತು ಆ ಬೆಳಕು ನೇರವಾಗಿ ತಟ್ಟೆಯ ಮೇಲೇ ಬೀಳುತ್ತಿತ್ತು. ಬೆಳಕಿಗೂ ನನ್ನ ಗೋಡೆ ಬೇಡವಾಗಿತ್ತು.

ಇದನ್ನೆಲ್ಲ ಹೇಗೋ ನುಂಗಿಕೊಂಡಿದ್ದೆ. ನುಂಗಲಾರದೆ ಹೋದದ್ದು ಒಂದು. ಅಮ್ಮ ಇರುವುದು ನನ್ನ ಜೊತೆ. ನಾನು ಕಟ್ಟಿದ ಮನೆಗಳ ಗೃಹಪ್ರವೇಶಕ್ಕೆ ಕರೆದರೆ ಸೊಂಟನೋವು ಅನ್ನುತ್ತಾಳೆ. ಅದೇ ಅಮ್ಮ ಒಂದು ಭಾನುವಾರ ಜಯನಗರಕ್ಕೆ ಹೋಗಿ, ತಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತು, ತಮ್ಮನ ಕೈಲಿ ತಿರುಗಿಸಿಕೊಂಡಳು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಮಗನಾದವನಿಗೆ ಆಗ ಸಂತೋಷವಾಗಬೇಕೋ ಬೇಡವೋ? ನನಗೆ ಹೊಟ್ಟೆಯಲ್ಲಿ ಸುಣ್ಣಕ್ಕೆ ನೀರು ಹೊಯ್ದ ಹಾಗಾಯಿತು.

ಈಗ ವಿಷಯಕ್ಕೆ ಬರುತ್ತೇನೆ.

ತಮ್ಮನಿಗೆ ಸ್ವಂತ ಕೆಲಸ ಮಾಡುವ ಆಸೆ. ಶೆಡ್ಡಿನ ಹಿಂದಿನ ಜಾಗದಲ್ಲಿ ಒಂದು ಲೇತ್ ಮೆಷಿನ್ ಹಾಕಬೇಕು, ಕಾರ್ಖಾನೆಯ ಪಾಳಿ ಬಿಡಬೇಕು ಅಂತ ವರ್ಷಗಳಿಂದ ಹೇಳುತ್ತಿದ್ದ. ಮನೆಯ ಮೇಲೆ ಸಾಲ ಕೊಡುವ ಒಂದು ಸಂಘಕ್ಕೆ ಅರ್ಜಿ ಹಾಕಿದ. ವ್ಯಾಲ್ಯುಯೇಷನ್ ಮಾಡಲು ಅವರು ಒಬ್ಬ ಹುಡುಗು ವಯಸ್ಸಿನ ಇಂಜಿನಿಯರನ್ನು ಕಳಿಸಿದರು. ಕಟ್ಟಿದ ಮೇಸ್ತ್ರಿಯೂ ಇರಲಿ ಎಂದಿದ್ದರಿಂದ ನಾನೂ ಹೋದೆ.

ಇಂಜಿನಿಯರ್ ಟೇಪು ಹಿಡಿದು ಕೋಣೆ ಅಳೆದರು, ತೇಗದ ಚೌಕಟ್ಟು ತಟ್ಟಿ ನೋಡಿದರು, ರೆಡ್ ಆಕ್ಸೈಡ್ ನೆಲ ಚೆನ್ನಾಗಿದೆ ಎಂದರು. (ಒಂದು ಕ್ಷಣ ನನ್ನ ಎದೆ ಉಬ್ಬಿತು. ಅಷ್ಟಕ್ಕೇ ಸಾಕು ಅನ್ನಬೇಕಿತ್ತು.) ಆಮೇಲೆ ಶೆಡ್ಡಿಗೆ ಬಂದರು. ಬೂಟು ಕಳಚಿ ತಟ್ಟೆಯ ಮೇಲೆ ನಿಂತು ತಿರುಗಿಸಿ ಅಂದರು. ಎರಡು ಸುತ್ತು ತಿರುಗಿದರು. ಮತ್ತೆ ಶುರುವಾಯಿತು ಹೊಗಳಿಕೆ. ಕೆಳಗಿಳಿದು ತಮ್ಮ ರೇಟ್ ಪುಸ್ತಕದ ಹಾಳೆ ಮಗುಚಿದರು. ಗೋಡೆಗೆ ರೇಟಿತ್ತು, ಹೆಂಚಿಗಿತ್ತು, ಕಕ್ಕಸಿನ ಗುಂಡಿಗೂ ಇತ್ತು. ತಿರುಗುವ ತಟ್ಟೆಗೆ ಇರಲಿಲ್ಲ.

ಪುಸ್ತಕದಲ್ಲಿ ಇಲ್ಲದ್ದಕ್ಕೆ ಕಟ್ಟಿದವನ ಮಾತು ಕೇಳುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ನಮ್ಮ ಕಸುಬಿನಲ್ಲಿ ಅದಕ್ಕೊಂದು ನಿಯಮವೂ ಇದೆ. ಒಡೆಯದೆ ತೆಗೆಯಲಾಗದ್ದು ಮನೆ. ಎತ್ತಿಕೊಂಡು ಹೋಗಬಹುದಾದದ್ದು ಸಾಮಾನು. ಸಾಮಾನಿಗೆ ಮನೆಯ ಬೆಲೆಯಲ್ಲಿ ಪಾಲಿಲ್ಲ.

"ಮೇಸ್ತ್ರಿಗಳೇ, ಇದನ್ನ ಯಾವುದಕ್ಕೆ ಸೇರಿಸ್ಲಿ?" ಎಂದು ಕೇಳಿದರು ಇಂಜಿನಿಯರ್.

ಒಂದೂವರೆ ಅಡಿ ಕಾಂಕ್ರೀಟಿನಲ್ಲಿ ಕೂತಿದೆ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಅದು ನಿಜ. ನನ್ನ ಕೈಯಿಂದಲೇ ಸುರಿದದ್ದು.

"ಮೇಲಿಟ್ಟಿರೋ ತಟ್ಟೆ ಸಾರ್" ಅಂದೆ. "ನಾಳೆ ಎತ್ಕೊಂಡ್ ಹೋಗ್ಬೋದು. ಎತ್ತಿದ್ಮೇಲೆ ಕೆಳಗಿರೋ ಗುಂಡಿ ಮುಚ್ಚೋ ಖರ್ಚು ಬೇರೆ ಬೀಳುತ್ತೆ. ನೀರು ಇಳಿದ್ರೆ ಪಾಯಕ್ಕೂ ಒಳ್ಳೇದಲ್ಲ."

ಪಾಯದ ಮಾತು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಆ ಶೆಡ್ಡಿನೊಳಗೆ ನೀರು ಬರುವ ದಾರಿಯೇ ಇಲ್ಲ. ಇಳಿಜಾರು ಕೊಟ್ಟವನೂ ನಾನೇ ಅಲ್ಲವೇ?

ಇಂಜಿನಿಯರ್ ತಮ್ಮನ ಮುಖ ನೋಡಿದರು. ಕಾಂಕ್ರೀಟ್ ಸುರಿದ ದಿನ ಪಕ್ಕದಲ್ಲಿ ನಿಂತು ನೀರು ಕೊಟ್ಟವನು ಅವನು. ಒಂದು ಮಾತು ಆಡಿದ್ದರೆ ನನ್ನ ಸುಳ್ಳು ಅಲ್ಲೇ ಬೀಳುತ್ತಿತ್ತು. ಆದರೆ ಹೊರಗಿನವರ ಮುಂದೆ ಅಣ್ಣನಿಗೆ ಎದುರಾಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಆ ಪದ್ಧತಿಯನ್ನು ಕಿವಿ ಹಿಂಡಿ ಕಲಿಸಿದವನು ನಾನು.

"ಅಣ್ಣ ಅಂದ್ಮೇಲೆ ಮುಗೀತು ಸಾರ್. ಮನೆ ಕಟ್ಟಿದ್ದೇ ಅವ್ರು" ಅಂದ.

ಇಂಜಿನಿಯರ್ ಬರೆದುಕೊಂಡರು. ತಟ್ಟೆಗೆ ಏನೂ ಇಲ್ಲ. ಗುಂಡಿ ಮುಚ್ಚುವ ಖರ್ಚು ಮನೆಯ ಬೆಲೆಯಿಂದ ಕಳೆಯತಕ್ಕದ್ದು.

ನಿಜ ಹೇಳುತ್ತೇನೆ, ಅವತ್ತು ನನಗೆ ಹಾಯೆನಿಸಿತು. ಬನಶಂಕರಿ ಗುಡಿ ದಾಟಿ ಕನಕಪುರ ರಸ್ತೆಯಲ್ಲಿ ಸೈಕಲ್ ತುಳಿಯುವಾಗ ಸಿಳ್ಳೆ ಹಾಕಿದೆ. ಮನೆಗೆ ಬಂದು ಒಂದು ಮುದ್ದೆ ಹೆಚ್ಚಾಗಿ ಉಂಡೆ. ಇವತ್ತೇನು ವಿಶೇಷ ಎಂದು ಅಮ್ಮ ಕೇಳಿದಳು. ಪುಟ್ಟಸ್ವಾಮಿ ಮನೆಗೆ ಇಂಜಿನಿಯರ್ ಬಂದಿದ್ದರು ಎಂದಷ್ಟೇ ಹೇಳಿದೆ.

ಹದಿನೈದು ದಿನಕ್ಕೆ ತಮ್ಮ ಬಂದ. ಸಾಲ ಮಂಜೂರಾಗಿದೆ, ಆದರೆ ಲೇತಿಗೆ ಸಾಲದು ಎಂದ. ದುಃಖ ತೋರಿಸಲಿಲ್ಲ. "ಇನ್ನೆರಡು ವರ್ಷ ಪಾಳಿಗೆ ಹೋದ್ರೆ ಆಯ್ತು ಬಿಡಣ್ಣ" ಅಂದ. ನನಗೆ ತಂದಿದ್ದ ವೀಳ್ಯದೆಲೆ ಕೈಗಿಟ್ಟು, ಅಮ್ಮನ ಕಾಲು ಒತ್ತಿ ಹೊರಟ. ರಾತ್ರಿ ಪಾಳಿಯ ನಿದ್ದೆಗಣ್ಣು ಅವನದು. ಸೈಕಲ್ ಹತ್ತುವಾಗ ಪೆಡಲ್ ತಪ್ಪಿತು.

ಆ ತಪ್ಪಿದ ಪೆಡಲ್ ನನ್ನನ್ನು ಮೂರು ದಿನ ಬಿಡಲಿಲ್ಲ.

ನಾಲ್ಕನೆಯ ದಿನ ಇಂಜಿನಿಯರ್ ಆಫೀಸಿಗೆ ಹೋದೆ. ಅಲ್ಲಾದರೂ ಪೂರ್ತಿ ನಿಜ ಹೇಳಿದೆನೇ? ಇಲ್ಲ. ಸರಿಯಾಗಿ ನೆನಪಿರಲಿಲ್ಲ, ಅದು ಕಾಂಕ್ರೀಟಿನಲ್ಲಿ ಕೂತಿದೆ ಎಂದೆ. ತಾವೇ ಹಾಕಿದ್ದು ತಮಗೇ ಮರೆಯಿತೇ ಎಂದು ಅವರು ನಕ್ಕರು. ನಾನೂ ನಕ್ಕೆ. ಒಳ್ಳೆಯ ಮನುಷ್ಯ. ರಿಪೋರ್ಟ್ ತಿದ್ದಬಹುದು, ಆದರೆ ಕಣ್ಣಾರೆ ನೋಡಿ ಆಳ ಬರೆದುಕೊಳ್ಳಬೇಕು, ಭಾನುವಾರ ಬರುತ್ತೇನೆ ಎಂದರು. ಕಾಂಕ್ರೀಟು, ಕಂಬಿ, ತಟ್ಟೆ ಎಲ್ಲ ಸೇರಿಸಿದರೆ ಲೇತಿಗೆ ಸಾಕಾಗಬಹುದು ಎಂದೂ ಹೇಳಿದರು.

ಅಲ್ಲಿಂದ ತಮ್ಮನ ಮನೆ ಹತ್ತು ನಿಮಿಷದ ದಾರಿ. ಹೋಗಿ ಹೇಳಿಬಿಡಬಹುದಿತ್ತು. ಹೋಗಲಿಲ್ಲ. ಭಾನುವಾರ ಇಂಜಿನಿಯರನ್ನು ಅವನ ಮುಂದೆ ನಿಲ್ಲಿಸಬೇಕು, ಅಣ್ಣ ಓಡಾಡಿ ಸಾಲ ಹೆಚ್ಚಿಸಿದ ಎಂದು ನಾಲ್ಕು ಜನ ಅನ್ನಬೇಕು. ಅದು ನನ್ನ ಆಸೆ. ತಪ್ಪು ತಿದ್ದಲು ಹೋದವನಿಗೂ ಹೊಗಳಿಕೆ ಬೇಕಿತ್ತು ನೋಡಿ. ಹೊಟ್ಟೆಕಿಚ್ಚು ಅಂಗಿ ಬದಲಾಯಿಸಿತ್ತು, ಅಷ್ಟೇ.

ಭಾನುವಾರ ಇಂಜಿನಿಯರಿಗಿಂತ ಅರ್ಧ ಗಂಟೆ ಮೊದಲೇ ಹೋದೆ. ಬೀದಿ ತಿರುಗುವಾಗಲೇ ಹಾರೆಯ ಸದ್ದು. ಶೆಡ್ಡಿನ ಬಾಗಿಲು ತೆರೆದಿತ್ತು. ತಟ್ಟೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದ. ಕಂಬಿಯ ಬಳೆ ಎರಡು ತುಂಡಾಗಿ ಅಂಗಳದಲ್ಲಿ ಬಿದ್ದಿತ್ತು. ಮೊಣಕಾಲುದ್ದದ ಗುಂಡಿಯಲ್ಲಿ ಪುಟ್ಟಸ್ವಾಮಿ ಬೆವರು ಸುರಿಸುತ್ತ ನಿಂತಿದ್ದ. ಸುತ್ತ ಕಾಂಕ್ರೀಟಿನ ಚೂರು.

"ಪಾಯಕ್ಕೆ ಒಳ್ಳೇದಲ್ಲ ಅಂದ್ಯಲ್ಲಣ್ಣ" ಅಂದ. "ಮಳೆಗಾಲಕ್ಕೆ ಮುಂಚೆ ಮುಚ್ಬಿಡಣ ಅಂತ. ಡಾಕ್ಟ್ರಿಗೂ ಹೇಳ್ದೆ, ಬೇರೆ ಕಡೆ ಇಟ್ಕೊತಾರಂತೆ." ಹಾರೆಗೆ ಒರಗಿ ಉಸಿರು ಬಿಟ್ಟ. "ಆದ್ರೂ ಎಂಥಾ ಕಾಂಕ್ರೀಟಣ್ಣ ಅದು! ಎರಡು ದಿನ ಆಯ್ತು ಒಡೆಯಕ್ಕೆ. ನಿನ್ ಕೈಕೆಲ್ಸಕ್ಕೆ ಯಾರೂ ಸಮ ಇಲ್ಲ."

ಆ ಕಾಂಕ್ರೀಟನ್ನು ಒಬ್ಬರಾದರೂ ಹೊಗಳಲಿ ಎಂದು ಎಷ್ಟು ದಿನ ಕಾದಿದ್ದೆ!

ಇಂಜಿನಿಯರ್ ಬಂದರು. ಗುಂಡಿ ನೋಡಿದರು, ಒರಗಿಸಿದ ತಟ್ಟೆ ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಟೇಪನ್ನು ಜೇಬಿನಿಂದ ತೆಗೆಯಲೇ ಇಲ್ಲ. ಇಲ್ಲದ್ದನ್ನು ಬರೆಯಲು ಬರುವುದಿಲ್ಲ ಮೇಸ್ತ್ರಿಗಳೇ ಎಂದು ಮೆಲ್ಲಗೆ ಹೇಳಿದರು. ತಮ್ಮ ಅವರಿಗೆ ಕಾಫಿ ಕುಡಿಸದೆ ಬಿಡಲಿಲ್ಲ. ಯಾಕೆ ಬಂದಿದ್ದೀರಿ ಎಂದು ಕೇಳಲೂ ಇಲ್ಲ.

ಅವರು ಹೋದ ಮೇಲೆ ತಮ್ಮನ ಹೆಂಡತಿ ಜಯಮ್ಮ ಲೋಟ ತೆಗೆದುಕೊಳ್ಳಲು ಬಂದಳು. ಮದುವೆಯಾಗಿ ಬಂದಾಗಿನಿಂದ ನನ್ನೆದುರು ನಿಂತು ಮಾತಾಡಿದವಳಲ್ಲ. ಅವತ್ತೂ ಬಾಗಿಲ ಮರೆಗೆ ಸರಿದಳು. ಆದರೆ ಮಾತಾಡಿದಳು.

"ಭಾವ, ಎತ್ಕೊಂಡ್ ಹೋಗೋ ತಟ್ಟೆ ಅಂದಿದ್ರಂತೆ. ಒಡೆಯಕ್ಕೆ ಎರಡು ದಿನ ಯಾಕಾಯ್ತು?"

"ಸುಮ್ನಿರು. ಅಣ್ಣನ ಹತ್ರ ಅದೇನ್ ಮಾತು?" ಎಂದು ತಮ್ಮ ಗದರಿದ. ಗದರಿದವನು ನನ್ನ ಕಡೆ ನೋಡಲಿಲ್ಲ. ಬಗ್ಗಿ ಚೂರುಗಳನ್ನು ಬಾಂಡಲಿಗೆ ತುಂಬತೊಡಗಿದ.

ಹಾಗಾದರೆ ನಾನು ಬೇಕೆಂದೇ ಸುಳ್ಳು ಹೇಳಿದ್ದು ಅವನಿಗೆ ಗೊತ್ತಿದೆಯೇ? ಎರಡು ದಿನ ಹಾರೆ ಹಾಕಿದ ಫಿಟ್ಟರಿಗೆ ಪಾಯದ ಮಾತೂ ಸುಳ್ಳು ಎಂದು ಗೊತ್ತಾಗದೆ ಇರುತ್ತದೆಯೇ? ಗೊತ್ತಿದ್ದೂ ಒಡೆದನೇ? ಅಣ್ಣನ ಮಾತು ಸುಳ್ಳಾಗಬಾರದು ಎಂದೇ ಒಡೆದನೇ? ಈ ಪ್ರಶ್ನೆ ಇಟ್ಟುಕೊಂಡು ನಾನು ಒಂದು ವಾರದಿಂದ ಸರಿಯಾಗಿ ಊಟ ಮಾಡಿಲ್ಲ.

ಅವತ್ತು ಮಧ್ಯಾಹ್ನ ಅವನೇ ಮರಳು ಜರಡಿ ಹಿಡಿದುಕೊಟ್ಟ. ನಾನು ಗುಂಡಿ ಮುಚ್ಚಿ ನೆಲ ಮಾಡಿದೆ. ಪಕ್ಕದ ಮನೆಯ ಹುಡುಗಿಯೊಬ್ಬಳು ತಿರುಗಣೆ ಎಲ್ಲಿ ಎಂದು ಕೇಳಿಕೊಂಡು ಬಂದಳು. ಕೆಟ್ಟುಹೋಯಿತು ಎಂದು ತಮ್ಮ ಹೇಳಿದ. ಅಮ್ಮನಿಗೂ ಅದನ್ನೇ ಹೇಳಿದ್ದಾನೆ.

ಮನೆಗೆ ಬೆಲೆ ಕಟ್ಟಿಸುವ ಓದುಗರಿಗೆ ಪ್ರತಿ ವಾರದಂತೆ ಒಂದು ಬುದ್ಧಿಮಾತು ಹೇಳಬೇಕಲ್ಲ, ಹೇಳುತ್ತೇನೆ. ಹೊರಗಿನ ಮೇಸ್ತ್ರಿಯನ್ನು ಕರೆಸಿ. ಅವನಿಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು ಪಡಲು ಕಾರಣವಿರುವುದಿಲ್ಲ.

ನನ್ನ ವಿಷಯ ಬೇರೆ. ತಮ್ಮ ಕೇಳಿದ್ದರೆ ಏನಾದರೊಂದು ಹೇಳಿ ಪಾರಾಗುತ್ತಿದ್ದೆ. ಕೇಳದೇ ಇರುವವನಿಗೆ ಏನಂತ ಉತ್ತರ ಕೊಡಲಿ?