ವೇಣುಗೋಪಾಲರು ಓದಿ ಹೇಳಿದ ಮೆಮೋ

ಯಶವಂತಪುರದ ರಟ್ಟಿನ ಡಬ್ಬಿ ಕಾರ್ಖಾನೆಯಲ್ಲಿ ಇಂಗ್ಲಿಷಿನಲ್ಲಿ ಬೈಯುವ ಕೆಲಸ ವೇಣುಗೋಪಾಲರದು. ಸಿಟ್ಟು ಮಾಲೀಕರದು, ಪದ ಹುಡುಕುವ ಪಾಡು ಇವರದು. ಇಪ್ಪತ್ತೆಂಟು ವರ್ಷ ಮೆಮೋ ಬರೆದು ಬರೆದು ಸಾಕುಸಾಕಾಗಿದೆ. ಕೇರ್‌ಲೆಸ್ ಎಂದರೆ ಮರೆತವನು, ನಾಳೆ ಸರಿಹೋದಾನು. ನೆಗ್ಲಿಜೆಂಟ್ ಎಂದರೆ ತನ್ನ ಹೊಣೆಯೆಂದು ಗೊತ್ತಿದ್ದೂ ಕೈಬಿಟ್ಟವನು. ರೆಕ್‌ಲೆಸ್ ಎಂದರೆ ಏನಾದರೂ ಹಾಳಾಗಿ ಹೋಗಲಿ ಎಂದವನು. ಒಬ್ಬನ ಅನ್ನ ಉಳಿಯುವುದೂ ಹೋಗುವುದೂ ಈ ಕೂದಲೆಳೆಯ ಅಂತರದಲ್ಲಿ.

ಮೆಮೋವನ್ನು ಕನ್ನಡದಲ್ಲಿ ಓದಿ ಹೇಳಿ, 'ಅರ್ಥವಾಗಿದೆ' ಎಂಬ ಸಾಲಿನ ಕೆಳಗೆ ಸಹಿ ಹಾಕಿಸಿಕೊಳ್ಳುವುದು ಅಲ್ಲಿನ ಪದ್ಧತಿ. ಅದೂ ಇವರ ತಲೆಗೇ. ಎದುರಿಗೆ ನಿಂತವನ ಮುಖ ನೋಡಿದರೆ ಇವರಿಗೆ ಕಟುಮಾತು ಬಾಯಿಗೆ ಬಾರದು. ಯಾವ ಪದವಿದ್ದರೂ "ಸ್ವಲ್ಪ ಗಮನ ಕಮ್ಮಿ ಅಂದಿದ್ದಾರೆ ಕಣಪ್ಪ" ಎಂದು ಮುಗಿಸಿಬಿಡುತ್ತಿದ್ದರು. ತಾನು ಒಳ್ಳೆಯವನು ಎಂಬ ಸಮಾಧಾನವೂ ಅದರಲ್ಲಿ ಸಿಗುತ್ತಿತ್ತೆನ್ನಿ.

ಮೊನ್ನೆ ಮೋಟರು ನಿಲ್ಲದೆ ಮೂರನೇ ಸಲ ಟ್ಯಾಂಕು ತುಂಬಿ ಹರಿದು, ಕೆಳಗಿದ್ದ ರಟ್ಟೆಲ್ಲ ನೆನೆದು ಮುದ್ದೆಯಾಯಿತು. ಪಂಪು ನೋಡಿಕೊಳ್ಳುವವನು ಮಾಕಳಿಯ ಮುನಿಕೃಷ್ಣಪ್ಪ. ವೇಣುಗೋಪಾಲರು ಕೇರ್‌ಲೆಸ್ ಎಂದು ಬರೆದು ಒಯ್ದರು. ಮಾಲೀಕರು ಅದನ್ನು ಹೊಡೆದುಹಾಕಿ, ಹಿಂದಿನ ಎರಡು ಸಲದಂತೆಯೇ ನೆಗ್ಲಿಜೆಂಟ್ ಮಾಡಿದರು. ಆ ಪದವಿರುವ ಮೂರು ಮೆಮೋಗೆ ಸಹಿ ಬಿದ್ದರೆ ಮನೆಗೆ ಕಳಿಸುವುದು ಕಂಪನಿಯ ನಿಯಮ.

ಮುನಿಕೃಷ್ಣಪ್ಪ ಬಂದವನೇ ಪೆನ್ನಿಗೆ ಕೈಚಾಚಿದ. "ಅದೇ ತಾನೇ ಸ್ವಾಮಿ, ಗಮನ ಕಮ್ಮಿ ಅಂತ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಈ ಸಲ ಅವರ ಕೈಲಾಗಲಿಲ್ಲ.

"ಅಲ್ಲ ಕಣಪ್ಪ. ನಿನ್ ಜವಾಬ್ದಾರಿ ಅಂತ ಗೊತ್ತಿದ್ದೂ ಕೈಬಿಟ್ಟೆ ಅಂತ ಬರ್ದಿದ್ದಾರೆ. ಸೈನ್ ಹಾಕ್ಬೇಡ. ಇದು ಮೂರ್ನೇದು, ಕೆಲ್ಸ ಹೋಗತ್ತೆ."

ಮುನಿಕೃಷ್ಣಪ್ಪ ಪೆನ್ನು ಮೇಜಿನ ಮೇಲಿಟ್ಟ. "ಮೊದ್ಲಿನ್ ಎರಡ್ರಾಗೂ ಇದೇ ಇತ್ತಾ ಸ್ವಾಮಿ?"

ವೇಣುಗೋಪಾಲರು ಹೌದೆಂದು ತಲೆಯಾಡಿಸಿದರು.

"ಇಂಗಂತ ಗೊತ್ತಾಗಿದ್ರೆ, ಸ್ವಿಚ್ಚೇ ಕೆಟ್ಟೈತೆ, ರಿಪೇರಿ ಮಾಡ್ಸಿ ಅಂತ ಅವತ್ತೇ ಬರ್ಸಿ ಕೊಡ್ತಿದ್ನಲ್ಲ. ಗಮನ ಕಮ್ಮಿ ಅಂತ ತಾನೇ, ಓಗ್ಲಿ ಬಿಡು ಅಂತ ಸುಮ್ಕಾದೆ. ಏಳಿದ್ದು ನೀವಲ್ವ ಸ್ವಾಮಿ, ಅದ್ಕೆ."

ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ. ವೇಣುಗೋಪಾಲರಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆ ಎರಡೂ ಮೆಮೋಗಳಲ್ಲಿ ಅವನ ಸಹಿಯ ಪಕ್ಕದಲ್ಲೇ, ಅರ್ಥ ತಿಳಿಸಿಕೊಟ್ಟವರು ಎಂದು ಇವರ ಸಹಿಯೂ ಇತ್ತು.